ಪಕ್ಕದ ಸ್ವರದ ಗೊಣಗಾಟ

ಇಂಗ್ಲೆಂಡಿನ ಹಳ್ಳಿಮನೆಯೊಂದರಲ್ಲಿ, ರಿಪೇರಿಗೆಂದು ಹೋದಾಗ, ಆ ಆರ್ಗನ್ (ಕೊಳವೆಗಳಿಗೆ ತಿದಿಯ ಗಾಳಿ ಊದಿಸಿ ನುಡಿಸುವ ವಾದ್ಯ) ಮೊದಲ ಸಲ ಕಂಡು ಪುಸ್ತಕದ ಬೀರು ಅಂದುಕೊಂಡೆ. ಹದಿನೆಂಟನೇ ಶತಮಾನದ ಚೇಂಬರ್ ಆರ್ಗನ್‌ಗಳು, ಅಂದರೆ ಮನೆಯ ಕೋಣೆಗೆಂದು ಮಾಡಿದ ಚಿಕ್ಕ ಆರ್ಗನ್‌ಗಳು, ಬಹುಪಾಲು ಹಾಗೇ ಇರುತ್ತವೆ: ಹೊರಗೆ ಮಹಾಗನಿ ಕಪಾಟು, ಬಾಗಿಲು ತೆಗೆದರೆ ಚಿನ್ನದ ಬಣ್ಣದ ಕೊಳವೆಗಳ ಸಾಲು. ಇದರಲ್ಲಿ ಆ ಸಾಲು ಬರೀ ತೋರಿಕೆಯದು, ಮರದ ತುಂಡುಗಳು. ಹಾಡುವ ಕೊಳವೆಗಳೆಲ್ಲ ಹಿಂದೆ. ಕೆಳಸ್ವರದ ಮರದ ಕೊಳವೆಗಳಿಗೆ ತಲೆಗೆ ಬಿರಡೆ ಇರುತ್ತದೆ. ಬಿರಡೆ ಹಾಕಿದರೆ ಅರ್ಧ ಉದ್ದದಲ್ಲೇ ಅದೇ ಸ್ವರ ಸಿಗುತ್ತದೆ, ಇಲ್ಲದಿದ್ದರೆ ಕೋಣೆಯ ಸೂರು ಸಾಲದು.

ಇದು ಜಾನ್ ಸ್ನೆಟ್ಜ್ಲರ್ ಕೈಕೆಲಸ ಎಂದು ಯಜಮಾನರ ನಂಬಿಕೆ. ಒಳಗೆಲ್ಲೂ ಹೆಸರಿರಲಿಲ್ಲ. ಸ್ವಿಟ್ಜರ್ಲೆಂಡಿನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಆತ ಬಹಳ ಆರ್ಗನ್ ಕಟ್ಟಿದ್ದು ನಿಜ. ಆದರೆ ಹೆಸರಿಲ್ಲದ್ದನ್ನೆಲ್ಲ ಅವನ ಖಾತೆಗೆ ಬರೆಯುವುದು ನನಗೆ ಸರಿಬರುವುದಿಲ್ಲ.

ತೊಂದರೆ ಏನೆಂದರೆ, ಒಂದು ಕೀ ಒತ್ತಿದರೆ ಪಕ್ಕದ ಸ್ವರವೂ ಸಣ್ಣಗೆ ಗೊಣಗುತ್ತಿತ್ತು. ಕೊಳವೆಗಳು ನಿಂತಿರುವ ಸೌಂಡ್‌ಬೋರ್ಡಿನಲ್ಲಿ ಓಕ್ ಪಟ್ಟಿಗಳ ನಡುವೆ ಪ್ರತಿ ಕೀಗೂ ಒಂದು ಗಾಳಿಯ ಓಣಿ. ಕೀ ಒತ್ತಿದಾಗ ಚರ್ಮ ಹೊದಿಸಿದ ಮುಚ್ಚಳ ತೆರೆದು ಆ ಓಣಿಗೆ ಮಾತ್ರ ಗಾಳಿ ನುಗ್ಗಬೇಕು. ಚಳಿಗಾಲವಿಡೀ ಹೀಟರ್ ಉರಿದು ಮರ ಒಣಗಿ, ಮೇಲಿನ ಹಲಗೆ ಪಟ್ಟಿಗಳಿಂದ ಎದ್ದಿತ್ತು. ಗಾಳಿ ಓಣಿ ದಾಟುತ್ತಿತ್ತು.

ಇಲ್ಲೇ ನಾನು ಎಡವಿದ್ದು. ಹಲಗೆಯ ಮೇಲೆ ಸಣ್ಣ ಸಣ್ಣ ಗೀರುಗಳಿದ್ದವು. ಯಾರದೋ ಉಳಿ ಜಾರಿದ ಗುರುತು ಎಂದುಕೊಂಡು ನಾಲ್ಕಕ್ಕೆ ಮರದ ಪುಡಿ, ಅಂಟು ಕಲಸಿ ತುಂಬಿಬಿಟ್ಟೆ. ಕಾರ್ಖಾನೆಯ ಹಿರಿಯರು ನೋಡಿ, "ಅದು ಗಾಯ ಅಲ್ಲಪ್ಪ, ಚರಂಡಿ" ಅಂದರು. ಸೋರಿದ ಗಾಳಿ ಪಕ್ಕದ ಕೊಳವೆಗೆ ಹೋಗದೆ ಹೊರಗೆ ಹೋಗಲಿ ಎಂದು ಕಟ್ಟಿದವನೇ ಕೊರೆದ ದಾರಿ. ತುಂಬಿದ್ದನ್ನು ಬಿಸಿನೀರು ಹಚ್ಚಿ ಕೆರೆದು ತೆಗೆಯುವಷ್ಟರಲ್ಲಿ ಒಂದು ಮಧ್ಯಾಹ್ನ ಹೋಯಿತು. ಪುಣ್ಯಕ್ಕೆ ಬಳಸಿದ್ದು ಚರ್ಮ ಬೇಯಿಸಿ ಮಾಡುವ ಹಳೇ ಅಂಟು. ಇವತ್ತಿನ ಬಿಳಿ ಅಂಟಾಗಿದ್ದರೆ ಮರವನ್ನೇ ಕೆರೆಯಬೇಕಿತ್ತು.

ಆಮೇಲೆ ಸೌಂಡ್‌ಬೋರ್ಡನ್ನು ಬೋರಲು ಹಾಕಿ, ಅದೇ ಅಂಟನ್ನು ತೆಳ್ಳಗೆ ಕಾಯಿಸಿ ಒಂದೊಂದೇ ಓಣಿಗೆ ಹುಯ್ದು, ಎಲ್ಲ ಬಿರುಕಿಗೂ ಇಳಿಯುವಂತೆ ಓಲಾಡಿಸಿ, ಉಳಿದದ್ದನ್ನು ಬಸಿದೆ. ಬೇಗ ಮುಗಿಸಬೇಕು, ಆರಿದರೆ ಲೋಳೆಯಾಗುತ್ತದೆ. ಚೆನ್ನಾಗಿ ಒಣಗಲು ಬಿಟ್ಟು ಮುಚ್ಚಳಗಳು ಕೂರುವ ಜಾಗ ಸಮ ಮಾಡಿದೆ, ಹೊಸ ಕುರಿಚರ್ಮ ಅಂಟಿಸಿ ಸೀಮೆಸುಣ್ಣದ ಪುಡಿ ಉಜ್ಜಿದೆ.

ಶ್ರುತಿ ಮಾಡುವುದು ಮಾತ್ರ ಹಗುರಾಯಿತು, ಏಕೆಂದರೆ ಇದರಲ್ಲಿ ರೀಡ್, ಅಂದರೆ ಲೋಹದ ನಾಲಿಗೆ ಅದುರಿ ಸ್ವರ ಕೊಡುವ ಕೊಳವೆ, ಇರಲಿಲ್ಲ. 1749ರಲ್ಲಿ ಸಂಗೀತಗಾರ ಹ್ಯಾಂಡೆಲ್ ತನ್ನ ಗೆಳೆಯ ಚಾರ್ಲ್ಸ್ ಜೆನೆನ್ಸ್‌ಗೆ ಎಂಥ ಆರ್ಗನ್ ಕಟ್ಟಿಸಬೇಕೆಂದು ಬರೆದಾಗಲೂ, ಪದೇಪದೇ ಶ್ರುತಿ ಕೆಡುತ್ತವೆ, ಹಳ್ಳಿಯಲ್ಲಿ ಅದು ಕಷ್ಟ ಎಂದು ರೀಡ್‌ಗಳನ್ನು ಬಿಟ್ಟಿದ್ದ.

ಯಜಮಾನರು ಕಾಲಲ್ಲಿ ತಿದಿ ಒತ್ತುತ್ತಾ ಒಂದೊಂದೇ ಕೀ ಹಿಡಿದು ನೋಡಿದರು. ಪಕ್ಕದ ಸ್ವರ ಸುಮ್ಮನಿತ್ತು. "ಹೀಟರ್ ಹಾಕಬಹುದಾ?" ಎಂದರು. ಹಾಕಿ, ಆದರೆ ಮೊದಲು ಇದನ್ನು ಆಚೆ ಗೋಡೆಗೆ ಸರಿಸೋಣ ಎಂದು ಇಬ್ಬರೂ ಕೈ ಹಚ್ಚಿದೆವು.