50 ಲುಮೆನ್ಸ್ ಸಾಕು, ದೀಪ ನೆಟ್ಟಗಿರಬೇಕು

ಸೈಕಲ್ಲಿನ ಹಿಂದೀಪಕ್ಕೆ 50 ಲುಮೆನ್ಸ್ (ದೀಪ ಸೂಸುವ ಬೆಳಕಿನ ಅಳತೆ) ಧಾರಾಳವಾಯಿತು ಎಂದಾಗ ಜೊತೆಯ ಸವಾರರು ಯಾರೂ ಒಪ್ಪಿರಲಿಲ್ಲ. ಅವರ ದೀಪಗಳೆಲ್ಲ 200ರ ಆಸುಪಾಸಿನವು. ಒಂದಿಡೀ ಮಳೆಗಾಲ ಕಳೆದ ಮೇಲೆ, ಗುಂಪಿನಲ್ಲಿ ದೂರದಿಂದ ಮೊದಲು ಕಾಣುವುದು ನನ್ನದೇ ಎಂದು ಈಗ ಅವರೇ ಹೇಳುತ್ತಾರೆ.

ಇದಕ್ಕೆ ಮೊದಲು ಅಗ್ಗದ ದೀಪಗಳಿಗೆ ಸುರಿದ ಹಣದಲ್ಲಿ ಎರಡು ಉತ್ತಮ ದೀಪಗಳು ಬರುತ್ತಿದ್ದವು. ಒಂದರ ರಬ್ಬರ್ ಪಟ್ಟಿ ಹರಿದು ದೀಪ ರಸ್ತೆಪಾಲಾಯಿತು. ಇನ್ನೊಂದರ ಚಾರ್ಜಿಂಗ್ ರಂಧ್ರದ ಮುಚ್ಚಳ ಸಡಿಲಗೊಂಡು, ಒಳಗಿನ ತಾಮ್ರ ಹಸಿರುಗಟ್ಟಿತು. ನೀರು ತಡೆಯುವ ದರ್ಜೆಗಳಲ್ಲಿ ಐಪಿಎಕ್ಸ್4 ಎಂದರೆ ತುಂತುರು ತಡೆಯುತ್ತದೆ, ಅಷ್ಟೇ. ಮಡ್‌ಗಾರ್ಡ್ ಇಲ್ಲದ ಹಿಂಚಕ್ರ ಎರಚುವುದು ತುಂತುರಲ್ಲ. ಐಪಿಎಕ್ಸ್6ಕ್ಕಿಂತ ಕೆಳಗಿನದನ್ನು ನಾನು ಮುಟ್ಟುವುದಿಲ್ಲ. ಮೂರನೆಯದರ ಡಬ್ಬಿಯ ಮೇಲೆ 20 ಗಂಟೆ ಎಂದಿತ್ತು. ಅದು ತೀರಾ ಮಂದವಾಗಿ ಮಿನುಗುವಾಗಿನ ಲೆಕ್ಕ. ಮೊಬೈಲ್ ಕ್ಯಾಮೆರಾದ ಎಕ್ಸ್‌ಪೋಷರ್ ಲಾಕ್ ಮಾಡಿ (ಚಿತ್ರದ ಹೊಳಪನ್ನು ಅದು ತಾನಾಗಿ ಬದಲಿಸದಂತೆ), ಅರ್ಧ ಗಂಟೆಗೊಮ್ಮೆ ಗೋಡೆಯ ಮೇಲಿನ ಬೆಳಕಿನ ಚಿತ್ರ ತೆಗೆದೆ. ಒಂದೇ ಸಮನೆ ಉರಿಸಿದರೆ ಮೂರು ಗಂಟೆ ಬಂದಿದ್ದೇ ಹೆಚ್ಚು, ಅದರಲ್ಲೂ ಮೊದಲ ಗಂಟೆಯಲ್ಲೇ ಕಳೆಗುಂದಿತ್ತು.

ನಿಜವಾದ ಗುಟ್ಟು ಕೋನದಲ್ಲಿದೆ. ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತ ಕೊಳವೆ, ನೆಲಕ್ಕೆ ಸುಮಾರು 73 ಡಿಗ್ರಿಯಲ್ಲಿ ಹಿಂದಕ್ಕೆ ವಾಲಿರುತ್ತದೆ. ಅದಕ್ಕೆ ದೀಪವನ್ನು ನೇರವಾಗಿ ಕಟ್ಟಿದರೆ ಮುಖ 17 ಡಿಗ್ರಿಯಷ್ಟು ನೆಲ ನೋಡುತ್ತದೆ, ಪ್ರಖರವಾದ ಬೆಳಕು ಎರಡೂವರೆ ಮೀಟರ್ ಹಿಂದಿನ ಡಾಂಬರಿಗೆ ವ್ಯರ್ಥವಾಗುತ್ತದೆ. ಕೆಳಭಾಗ ದಪ್ಪಗಿರುವ ಬೆಣೆಯೊಂದನ್ನು ನಡುವೆ ಕೊಟ್ಟು ನೆಟ್ಟಗೆ ಮಾಡಿದೆ. ಮಳೆಗೂ ಬಿಸಿಲಿಗೂ ಜಗ್ಗದ ಆ ಬೆಣೆ ಯಾವುದರದು ಎಂಬುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಸೈಕಲ್ಲಿನ ಹಿಂಭಾಗವನ್ನು ಗೋಡೆಯತ್ತ ತಿರುಗಿಸಿ ನಿಲ್ಲಿಸಿ: ಬೆಳಕಿನ ನಡುಬಿಂದು ದೀಪದಷ್ಟೇ ಎತ್ತರದಲ್ಲಿ ಬಿದ್ದರೆ ಸರಿ.

ಹಗಲಿಗೆ ಮಿನುಗು, ರಾತ್ರಿಗೆ ಸ್ಥಿರ ಬೆಳಕು. ಕತ್ತಲಲ್ಲಿ ಬರೀ ಮಿನುಗಿದರೆ ಹಿಂದಿನವರಿಗೆ ಅಂತರ ಅಂದಾಜಾಗುವುದಿಲ್ಲ. ಜರ್ಮನಿಯ ನಿಯಮವಂತೂ ಸೈಕಲ್ಲಿಗೆ ಮಿನುಗುವ ಹಿಂದೀಪವನ್ನು ಒಪ್ಪುವುದೇ ಇಲ್ಲ.

ಕೊಳ್ಳುವಾಗ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಚುಚ್ಚಿ ನೋಡಿ. ಕೆಲವು ದೀಪಗಳೊಳಗೆ, ವಿದ್ಯುತ್ ಕೊಡುವಂತೆ ಚಾರ್ಜರಿಗೆ ಸೂಚಿಸುವ 5.1 ಕಿಲೋಓಮ್‌ನ ಎರಡು ಪುಟ್ಟ ರೆಸಿಸ್ಟರ್‌ಗಳನ್ನೇ ಹಾಕಿರುವುದಿಲ್ಲ. ಅಂಥವು ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್ಲಿಗೆ ಮಾತ್ರ ಚಾರ್ಜ್ ಆಗುತ್ತವೆ.

ಪಾದದ ಗಂಟಿಗೂ ಒಂದು ಸಣ್ಣ ದೀಪ ಕಟ್ಟಿ ನೋಡಿದೆ. ಮೇಲೆ ಕೆಳಗೆ ಆಡುವ ಆ ಬೆಳಕು ಕಂಡೊಡನೆ ಸೈಕಲ್ ಎಂದು ಗೊತ್ತಾಗುತ್ತದೆ, ಆದರೆ ಮಳೆಯಲ್ಲಿ ಕೆಸರು ಮೆತ್ತಿಕೊಳ್ಳುತ್ತದೆ. ಈಗ ಅಲ್ಲಿ ಪ್ರತಿಫಲಕ ಪಟ್ಟಿಯಿದೆ. ಬ್ರೇಕ್ ಹಿಡಿದಾಗ ಪ್ರಖರವಾಗುವ ದೀಪವನ್ನೂ ಪರೀಕ್ಷಿಸಿದೆ. ಗುಂಡಿ ಬಿದ್ದ ರಸ್ತೆಯಲ್ಲಿ ಪ್ರತಿ ಕುಲುಕಾಟವೂ ಅದಕ್ಕೆ ಬ್ರೇಕೇ. ಆ ಸೌಲಭ್ಯವನ್ನು ಆಫ್ ಮಾಡಲು ಬಾರದ ದೀಪಕ್ಕೆ ಹಣ ಕೊಡಬೇಡಿ.