ಅವರೊಬ್ಬರು ಬಾರದ ದಿನಕ್ಕೆ ತಯಾರಾಗುವುದು ಹೇಗೆ?

ಬೆಳಗ್ಗೆ ಆರು ಗಂಟೆ. ಊರ ಡೇರಿ ಮುಂದೆ ಹಾಲಿನ ಕ್ಯಾನು, ಬಕೆಟ್ಟುಗಳ ಸಾಲು. ಬೀಗದ ಕೈ ಇರುವುದು ಕಾರ್ಯದರ್ಶಿ ಹತ್ತಿರ, ಕಾರ್ಯದರ್ಶಿ ಇರುವುದು ತಾಲ್ಲೂಕು ಆಸ್ಪತ್ರೆಯಲ್ಲಿ; ರಾತ್ರಿ ಎದೆನೋವು. ಬೀಗ ಒಡೆದು ಒಳಗೆ ಹೋದರೆ ಕಂಪ್ಯೂಟರಿನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಹಾಲಿನ ಫ್ಯಾಟ್ (ಕೊಬ್ಬಿನಂಶ) ಅಳೆಯುವ ಹುಡುಗ ನೆಂಟರ ಮದುವೆಗೆ ಹೋಗಿದ್ದಾನೆ. ಹಾಲು ಮಾತ್ರ ಯಾರಿಗೂ ಕಾಯುವುದಿಲ್ಲ. ಕೆಚ್ಚಲಿನಿಂದ ಬರುವಾಗ ಹೆಚ್ಚುಕಡಿಮೆ 37 ಡಿಗ್ರಿ ಇರುವ ಹಾಲನ್ನು ಬೇಗನೆ 4 ಡಿಗ್ರಿಗೆ ಇಳಿಸಬೇಕು. ತಡವಾದಷ್ಟೂ ಬ್ಯಾಕ್ಟೀರಿಯಾ ಇಮ್ಮಡಿಯಾಗುತ್ತಾ ಹೋಗಿ, ಕಾಯಿಸಿದಾಗ ಹಾಲು ಒಡೆಯುತ್ತದೆ.

ಇದು ಕಲ್ಪಿಸಿಕೊಂಡ ಬೆಳಗು. ಆದರೆ ಯಾವ ಊರಿನ ಡೇರಿಗೂ, ಯಾವ ಕಚೇರಿಗೂ, ಯಾವ ಮನೆಗೂ ಬರಬಹುದಾದದ್ದು. ಹೊಡೆತ ತಾಳುವುದೆಂದರೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಎಂದು ಹೇಳುವವರು ಬಹಳ. ಮನಸ್ಸು ಎಷ್ಟೇ ಗಟ್ಟಿಯಿದ್ದರೂ ಬೀಗದ ಕೈ ಒಂದೇ ಆಗಿದ್ದರೆ ಹಾಲು ಒಡೆಯುತ್ತದೆ. ಒಂದೇ ಕೈಯನ್ನು ನೆಚ್ಚಿಕೊಂಡ ಕೆಲಸಗಳನ್ನು ಹುಡುಕಿ, ಪ್ರತಿಯೊಂದಕ್ಕೂ ಎರಡನೇ ಕೈ ಜೋಡಿಸುವುದು ಹೇಗೆಂಬುದು ಇಲ್ಲಿದೆ.

ಮೊದಲು ನಾಲ್ಕು ಕಾಲಂ

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಕೆಲಸ, ಮಾಡುವವರು, ಅವರಿಲ್ಲದಿದ್ದರೆ ಯಾರು, ಎಷ್ಟು ಹೊತ್ತು ತಡೆಯಬಹುದು. ಹೆಚ್ಚಿನವರು ಬಿಟ್ಟುಬಿಡುವುದು ನಾಲ್ಕನೆಯದನ್ನು. ಯಾವುದಕ್ಕೆ ಮೊದಲು ಕೈ ಹಾಕಬೇಕು ಎಂದು ತಿಳಿಸುವುದು ಅದೇ. ಡೇರಿಯಲ್ಲಿ ಹಾಲು ತಂಪು ಮಾಡುವ ಕೆಲಸ ಎರಡು ಮೂರು ಗಂಟೆಗಿಂತ ತಡೆಯದು. ಬಟವಾಡೆ ವಾರ ತಡೆದೀತು. ಆಡಿಟ್ ಕಾಗದ ತಿಂಗಳು. ಮನೆಯಲ್ಲಿ ಅಜ್ಜಿಯ ಇನ್ಸುಲಿನ್ ಮುಂದಿನ ಊಟದವರೆಗೂ ಕಾಯುವುದಿಲ್ಲ. ಜೀವ ವಿಮೆಯ ಕಂತಿಗಾದರೆ ತಿಂಗಳ ಕಂತಿದ್ದರೆ 15 ದಿನ, ಉಳಿದ ಕಂತುಗಳಿಗೆ 30 ದಿನ ವಾಯಿದೆ ಇರುತ್ತದೆ.

ಮೂರನೇ ಕಾಲಂನಲ್ಲಿ ಹೆಸರೇ ಬರೆಯಬೇಕು. ‘ಯಾರಾದರೂ ನೋಡಿಕೊಳ್ತಾರೆ’ ಎಂದು ಬರೆದ ಕಡೆ ಯಾರೂ ಇಲ್ಲವೆಂದೇ ಲೆಕ್ಕ. ಒಂದೇ ಹೆಸರು ಐದು ಸಾಲಿನಲ್ಲಿ ಬಂದರೆ ಅದೂ ಅಪಾಯ: ಅವರು ಮಲಗಿದ ದಿನ ಐದೂ ಕೆಲಸ ಮಲಗುತ್ತವೆ.

ಎರಡನೇ ಕೈ ತಯಾರು ಮಾಡುವುದು

ಪಕ್ಕದಲ್ಲಿ ನಿಂತು ನೋಡಿದ ಮಾತ್ರಕ್ಕೆ ಕೆಲಸ ಬರುವುದಿಲ್ಲ. ಮೊದಲ ವಾರ ನೋಡಲಿ. ಎರಡನೇ ವಾರ ತಾವೇ ಮಾಡಲಿ, ಬಲ್ಲವರು ಪಕ್ಕದಲ್ಲಿರಲಿ. ಮೂರನೇ ವಾರ ಬಲ್ಲವರು ಮನೆಯಲ್ಲಿರಲಿ, ಫೋನಿಗೆ ಸಿಗಲಿ. ನಾಲ್ಕನೇ ವಾರ ಫೋನಿಗೂ ಸಿಗಬಾರದು. ಆಮೇಲೂ ತಿಂಗಳಿಗೊಮ್ಮೆ ಎರಡನೆಯವರೇ ಮಾಡಬೇಕು, ಇಲ್ಲದಿದ್ದರೆ ಆರು ತಿಂಗಳಲ್ಲಿ ಮರೆತಿರುತ್ತಾರೆ.

ಇದು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಬಲ್ಲವರಿಗೆ ಕಲಿಸಲು ಮನಸ್ಸಿರುವುದಿಲ್ಲ. ಕಲಿಸಿದರೆ ತನ್ನ ಬೆಲೆ ಇಳಿಯುತ್ತದೆಂಬ ಅಳುಕು. ಬುದ್ಧಿ ಹೇಳಿ ಪ್ರಯೋಜನವಿಲ್ಲ, ರಜೆ ಕೊಡಿ. ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯವರನ್ನು ವರ್ಷಕ್ಕೊಮ್ಮೆ, ಮುಂಚೆ ಹೇಳದೆ, ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದೆ. ಅಲ್ಲಿನ ಉದ್ದೇಶ ವಂಚನೆ ತಡೆ. ಆದರೆ ಆ ಹತ್ತು ದಿನ ಕೆಲಸ ನಡೆಯಲೇಬೇಕಾದ್ದರಿಂದ ಇನ್ನೊಬ್ಬರು ಕಲಿಯದೆ ವಿಧಿಯಿಲ್ಲ. ಸಣ್ಣ ಸಂಸ್ಥೆಗೆ ಐದು ದಿನದ ಸಂಬಳ ಸಹಿತ ರಜೆಯೂ ಸಾಕು.

ಯಂತ್ರದ ಪಕ್ಕ ಅಂಟಿಸುವ ಸೂಚನೆಯನ್ನು ಬಲ್ಲವರ ಕೈಲಿ ಬರೆಸಬೇಡಿ. ಅವರಿಗೆ ಎಲ್ಲವೂ ಅಭ್ಯಾಸ, ಮುಖ್ಯವಾದದ್ದನ್ನೇ ಬಿಟ್ಟಿರುತ್ತಾರೆ. ಹೊಸದಾಗಿ ಕಲಿತವರು ಬರೆಯಲಿ, ಬಲ್ಲವರು ತಿದ್ದಲಿ. ಜನರೇಟರ್ ಗೋಡೆಯ ಮೇಲೆ ಇಷ್ಟಿದ್ದರೆ ಸಾಕು:

1. ಚೇಂಜ್‌ಓವರ್ ಸ್ವಿಚ್ಚನ್ನು ನಡುವಿನ ಆಫ್‌ಗೆ ತನ್ನಿ.
2. ಡೀಸೆಲ್, ಎಂಜಿನ್ ಆಯಿಲ್ ನೋಡಿ.
3. ಸ್ಟಾರ್ಟ್ ಮಾಡಿ, ಎರಡು ನಿಮಿಷ ಲೋಡ್ ಇಲ್ಲದೆ ಓಡಲಿ.
4. ಸ್ವಿಚ್ಚನ್ನು ಜನರೇಟರ್ ಕಡೆ ತಿರುಗಿಸಿ.
5. ಮೊದಲು ಹಾಲಿನ ಕೂಲರ್. ಅದು ಹಿಡಿದ ಮೇಲೆ ಲೈಟು, ಫ್ಯಾನು.

ಬೇಕಾದಾಗ ಜನರೇಟರ್ ಸ್ಟಾರ್ಟ್ ಆಗದಿದ್ದರೆ ಮೊದಲು ಬ್ಯಾಟರಿ ನೋಡಿ. ನಿಂತೇ ಇರುವ ಯಂತ್ರದ ಬ್ಯಾಟರಿ ಸದ್ದಿಲ್ಲದೆ ಇಳಿದಿರುತ್ತದೆ. ವಾರಕ್ಕೊಮ್ಮೆ 15–20 ನಿಮಿಷ, ಕೂಲರ್‌ನ ಲೋಡ್ ಹಾಕಿಯೇ ಓಡಿಸಿ. ಲೋಡ್ ಇಲ್ಲದೆ ಓಡಿಸುತ್ತಿದ್ದರೆ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯಾಗದೆ ಒಳಗೆ ಮಸಿ ಕಟ್ಟುತ್ತದೆ.

ಬದಲಿಯೂ ಅದೇ ಕೊಂಬೆಯ ಮೇಲಿದ್ದರೆ

ಪಟ್ಟಿ ಮಾಡಿ, ಬದಲಿ ಇಟ್ಟು, ನಿಶ್ಚಿಂತೆಯಾದವರೂ ಎಡವುವುದು ಇಲ್ಲಿ. ಡೂಪ್ಲಿಕೇಟ್ ಕೀ ಬೀರುವಿನೊಳಗೆ, ಬೀರುವಿನ ಕೀ ಅದೇ ಗೊಂಚಲಿನಲ್ಲಿ. ಎರಡು ಸಿಮ್ ಇವೆ, ಎರಡೂ ಒಂದೇ ಕಂಪನಿಯವು. ಲೆಕ್ಕದ ಬ್ಯಾಕಪ್ ಇರುವ ಪೆನ್‌ಡ್ರೈವ್ ಕಂಪ್ಯೂಟರಿಗೇ ಸಿಕ್ಕಿಸಿದೆ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೇ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಹಲವು ಕಡೆ ರಸ್ತೆ, ಕರೆಂಟು, ಫೋನು ಮೂರೂ ಒಂದೇ ಸಲ ಹೋದವು. ‘ಕರೆಂಟು ಹೋದರೆ ಫೋನ್ ಮಾಡುತ್ತೇವೆ’ ಎಂಬ ಯೋಜನೆಗೆ ಅಂಥ ದಿನ ಬೆಲೆಯಿಲ್ಲ.

ಆದ್ದರಿಂದ ಪ್ರತಿ ಬದಲಿಗೂ ಒಂದು ಪ್ರಶ್ನೆ ಕೇಳಿ: ಮೊದಲನೆಯದನ್ನು ಕೆಡಿಸಿದ್ದೇ ಇದನ್ನೂ ಕೆಡಿಸುತ್ತದೆಯೆ? ಕಂಪ್ಯೂಟರ್ ಲೆಕ್ಕಕ್ಕೆ ಹಳೆಯ ಸೂತ್ರ ಈಗಲೂ ಸರಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ. ದುಡ್ಡಿಗೂ ಇದೇ ಮಾತು. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಸಿಗುವುದು ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಯೂ ಸೇರಿ 5 ಲಕ್ಷ ರೂಪಾಯಿವರೆಗೆ. ಅದೇ ಬ್ಯಾಂಕಿನ ಎರಡು ಶಾಖೆಯಲ್ಲಿಟ್ಟರೆ ಎರಡೂ ಸೇರಿಯೇ ಲೆಕ್ಕ.

ಮನೆಯ ದುಡ್ಡು, ಕಾಗದ

ಆಪತ್ತಿನ ನಿಧಿಯನ್ನು ಸಂಬಳದ ಮೇಲೆ ಲೆಕ್ಕ ಹಾಕಬೇಡಿ, ತಪ್ಪಿಸಲಾಗದ ಖರ್ಚಿನ ಮೇಲೆ ಹಾಕಿ. ಬಾಡಿಗೆ 9,000, ದಿನಸಿ-ಹಾಲು 8,000, ಸಾಲದ ಕಂತು 6,500, ಶಾಲೆ ಫೀಸು 3,000, ಔಷಧಿ-ಗ್ಯಾಸು-ಕರೆಂಟು 3,500 ಎಂದಿಟ್ಟುಕೊಂಡರೆ ತಿಂಗಳಿಗೆ 30,000. ಸಂಬಳದ ನೌಕರಿಯಿದ್ದರೆ ಮೂರು ತಿಂಗಳದ್ದು, 90,000. ಅಂಗಡಿ, ಆಟೊ, ಕಂಟ್ರಾಕ್ಟ್ ಕೆಲಸವಾದರೆ ಆರು ತಿಂಗಳದ್ದು, 1,80,000. ತಿಂಗಳಿಗೆ 2,500ರಂತೆ ಆರ್‌ಡಿ ಕಟ್ಟಿದರೆ ಮೊದಲ ಗುರಿಗೆ ಮೂರು ವರ್ಷ ಬೇಕು. ನಿಧಾನ, ನಿಜ; ಆದರೆ ಮೊದಲ ತಿಂಗಳದ್ದು ಒಂದೇ ವರ್ಷದಲ್ಲಿ ಕೂಡಿರುತ್ತದೆ. ಚೀಟಿಯನ್ನು ಇದಕ್ಕೆ ಲೆಕ್ಕ ಹಿಡಿಯಬೇಡಿ. ನಿಮಗೆ ಬೇಕಾದ ದಿನ ಚೀಟಿ ಏಳುತ್ತದೆಂದು ಹೇಳಲಾಗದು, ಎದ್ದರೂ ಕಸರು (ಹರಾಜಿನಲ್ಲಿ ಬಿಟ್ಟುಕೊಡುವ ಮೊತ್ತ) ಬಿಟ್ಟೇ ಎತ್ತಬೇಕು. ಒಂದು ವಾರದ ಖರ್ಚು ನೂರು, ಇನ್ನೂರರ ನೋಟುಗಳಲ್ಲಿ ಮನೆಯಲ್ಲಿರಲಿ. ಟವರ್ ಹೋದ ದಿನ ಯುಪಿಐ ನಡೆಯುವುದಿಲ್ಲ.

ವಿಮೆಯಲ್ಲಿ ಅಗ್ಗದವನ್ನು ಮೊದಲು ಮಾಡಿಸಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದ ಸಾವಿಗೆ 2 ಲಕ್ಷ. 436 ರೂಪಾಯಿಯ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾದಲ್ಲಿ ಯಾವ ಕಾರಣದ ಸಾವಿಗೂ 2 ಲಕ್ಷ, ಸೇರಿದ ಮೊದಲ 30 ದಿನ ಮಾತ್ರ ಅಪಘಾತ ಬಿಟ್ಟು ಬೇರೆ ಸಾವಿಗೆ ಇಲ್ಲ. ಎರಡೂ ಮೇ ಕೊನೆಯಲ್ಲಿ ನವೀಕರಣ. ಆಗ ಖಾತೆಯಲ್ಲಿ ದುಡ್ಡಿಲ್ಲದೆ ರದ್ದಾಗಿ, ಮನೆಯವರಿಗೆ ಅದು ಕ್ಲೇಮಿನ ಹೊತ್ತಿಗೇ ತಿಳಿಯುವುದುಂಟು.

ನಾಮಿನಿ ಹಾಕಿದ್ದೇವಲ್ಲ, ಸಾಕು ಎನ್ನುವವರಿದ್ದಾರೆ. ನಾಮಿನಿಗೆ ಅಧಿಕಾರ ಬರುವುದು ಖಾತೆದಾರರು ತೀರಿಕೊಂಡ ಮೇಲೆ. ಅವರು ಐಸಿಯುನಲ್ಲಿದ್ದಾಗ ನಾಮಿನಿ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಆಪತ್ತಿನ ನಿಧಿಯ ಖಾತೆ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿ, ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರೊಬ್ಬರು ಬೇಕಾದರೂ ದುಡ್ಡು ತೆಗೆಯಬಹುದು) ಎಂದಿರಲಿ. ಸಂಘ-ಸಂಸ್ಥೆಯಲ್ಲಾದರೆ ಇಬ್ಬರ ಜಂಟಿ ಸಹಿ ಇರುವ ಕಡೆ ಒಬ್ಬರು ಬಾರದಿದ್ದರೆ ಚೆಕ್ಕೇ ಇಲ್ಲ. ನಿಯಮ ಒಪ್ಪುವುದಾದರೆ ಮೂರನೆಯವರ ಸಹಿಗೆ ಈಗಲೇ ಠರಾವು ಮಾಡಿ ಬ್ಯಾಂಕಿಗೆ ಕೊಡಿ.

ಒಂದು ಭಾನುವಾರದ ಪರೀಕ್ಷೆ

ವರ್ಷಕ್ಕೆರಡು ಸಲ, ಮುಖ್ಯ ವ್ಯಕ್ತಿ ಎರಡು ಗಂಟೆ ಮಾತಾಡದೆ ಕೂರಬೇಕು. ಅವರ ಫೋನೂ ಆಫ್. ಮನೆಯವರು ಆ ಹೊತ್ತಿನಲ್ಲಿ ನಾಲ್ಕು ಕೆಲಸ ಮಾಡಲಿ: ಆರೋಗ್ಯ ವಿಮೆ ಕಾರ್ಡು ಹುಡುಕುವುದು, ಕರೆಂಟ್ ಬಿಲ್ ಕಟ್ಟುವುದು, ನೀರಿನ ಮೇನ್ ವಾಲ್ವ್ ಮುಚ್ಚುವುದು, ಅಜ್ಜಿಯ ಮಾತ್ರೆ ಯಾವ ಹೊತ್ತಿಗೆ ಯಾವುದೆಂದು ಹೇಳುವುದು. ಬಿಲ್ ಕಟ್ಟುವಾಗ ಒಟಿಪಿ ಆಫ್ ಆದ ಫೋನಿಗೇ ಹೋಗುತ್ತದೆ. ಆಗ ಹೊಳೆಯುತ್ತದೆ, ಬಿಲ್ ಕಟ್ಟುವ ದಾರಿ ಹೆಂಡತಿಯ ಖಾತೆಯಿಂದಲೂ ಇರಬೇಕಿತ್ತೆಂದು. ಸಿಕ್ಕ ತೊಡಕನ್ನು ಆ ದಿನವೇ ನೋಟ್‌ಬುಕ್ಕಿಗೆ ಹತ್ತಿಸಿ.

ನಿಜವಾಗಿ ಹೊಡೆತ ಬಿದ್ದ ಮೇಲೆ

ಮೊದಲ ಮೂರು ದಿನ ಒಬ್ಬರೇ ಎಲ್ಲವನ್ನೂ ಎಳೆಯುತ್ತಾರೆ. ನಾಲ್ಕನೇ ದಿನ ಅವರೇ ಬೀಳುತ್ತಾರೆ. ಪಾಳಿ ಮೊದಲ ದಿನವೇ ಹಂಚಿ. ನಿದ್ದೆ ಬಾರದೆ, ಊಟ ಸೇರದೆ ಎರಡು ವಾರ ಕಳೆದರೆ ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಎಲ್ಲ ತಣ್ಣಗಾದ ಮೇಲೆ, ಆದರೆ ವಾರ ಮೀರದಂತೆ, ಮುಕ್ಕಾಲು ಗಂಟೆ ಎಲ್ಲರೂ ಕೂತು ಮಾತಾಡಿ: ಏನಾಗಬೇಕಿತ್ತು, ಏನಾಯಿತು, ಯಾವುದು ಕೈ ಹಿಡಿಯಿತು, ಯಾವುದು ಕೈಕೊಟ್ಟಿತು. ‘ಯಾರ ತಪ್ಪು’ ಎಂದು ಶುರುವಾದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ, ಬೀಗದ ಕೈ ಕತೆ ಹಾಗೇ ಉಳಿಯುತ್ತದೆ. ಮೇಷ್ಟ್ರೋ, ನಿವೃತ್ತರೋ, ಸಂಘಕ್ಕೆ ಸೇರದ ಒಬ್ಬರು ಬರೆದುಕೊಳ್ಳಲಿ. ಮಾಡಬೇಕಾದ್ದು ಮೂರಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದರ ಮುಂದೆ ಹೆಸರು, ತಾರೀಖು ಇರಲಿ.

ಇಷ್ಟೆಲ್ಲ ಬರೆದ ನೋಟ್‌ಬುಕ್ಕನ್ನು ಕಾರ್ಯದರ್ಶಿಯ ಕೋಣೆಯೊಳಗಿಟ್ಟು ಬೀಗ ಹಾಕುವುದು ವಾಡಿಕೆ. ಒಂದು ಜೆರಾಕ್ಸ್ ಪ್ರತಿ ಅಧ್ಯಕ್ಷರ ಮನೆಯಲ್ಲಿರಲಿ, ಡೇರಿಯ ಎರಡನೇ ಕೀಯ ಜೊತೆ.