ಬಾಯಲ್ಲಿ ಮೊದಲು, ಕೈಯಲ್ಲಿ ಕೊನೆಗೆ

ಜೂನ್ ತಿಂಗಳ ಸೇತುಬಂಧ ಪಾಠ. ಎಂಟನೇ ತರಗತಿಗೆ ಹೊಸದಾಗಿ ಬಂದ ಹುಡುಗನಿಗೆ ಬೋರ್ಡ್ ಮೇಲಿದ್ದ ‘ದ್ಯುತಿಸಂಶ್ಲೇಷಣೆ’ ಓದು ಅಂದೆ. “ದು... ದುತಿ...” ಅಂತ ನಿಂತುಬಿಟ್ಟ. ಹಿಂದಿನ ಬೆಂಚಿನವರು ನಕ್ಕರು. ಕೂರುವ ಮುಂಚೆ ಅವನೇ ಕೇಳಿದ: “ಬಾಂಡ್ಲಿ ಕವುಚಿಟ್ಟ ಕಡೆ ಹುಲ್ಲು ಬಿಳಿಚಿಕೊಳ್ಳೋದು ಇದಕ್ಕೇ ಅಲ್ವಾ ಸಾ?” ಪೂರ್ತಿ ಸರಿಯಲ್ಲ. ಬೆಳಕಿಲ್ಲದೆ ಪತ್ರಹರಿತ್ತು ಹುಟ್ಟದಿರುವುದು ಅದಕ್ಕೆ ಕಾರಣ. ಆದರೆ ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ.

ಅವನ ನೋಟ್‌ಬುಕ್ ನೋಡಿದರೆ ಒತ್ತಕ್ಷರಗಳೇ ಇಲ್ಲ. ಹಳ್ಳಿ ‘ಹಳಿ’, ವರ್ಗಮೂಲ ‘ವಗಮೂಲ’. ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು: ಸೋಮಾರಿ, ಬಾಯಿ ಜಾಸ್ತಿ. ನಾನೂ ಹಾಗೇ ಅಂದುಕೊಂಡೆ. ಶನಿವಾರ ಉಳಿದ ಮಕ್ಕಳು ಪ್ರಯೋಗ ಮಾಡುವಾಗ ಇವನನ್ನು ಮೂಲೆಯಲ್ಲಿ ಕೂರಿಸಿ ಕಾಪಿ ಬರೆಸಿದೆ. “ಮೊದಲು ಅಕ್ಷರ, ಆಮೇಲೆ ಪ್ರಯೋಗ” ಅಂದೆ. ಮೂರು ವಾರಕ್ಕೆ ಪ್ರಶ್ನೆ ಕೇಳುವುದು ನಿಂತಿತು. ನಾಲ್ಕನೇ ವಾರ ಶಾಲೆಗೇ ಬರಲಿಲ್ಲ.

ಮನೆಗೆ ಹೋದೆ. ಅವನ ತಾಯಿ, “ಪಂಪ್‌ಸೆಟ್ ಸ್ಟಾರ್ಟರ್ ಕೆಟ್ರೆ ಅವನೇ ಬಿಚ್ಚೋದು ಸಾ. ಓದೋದಕ್ಕೆ ಏನಾಗುತ್ತೋ ಕಾಣೆ” ಅಂದರು.

ಅವರನ್ನು ಒಪ್ಪಿಸಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಎಂದು ಗೊತ್ತಾಯಿತು. ತರ್ಕದ ಭಾಗದಲ್ಲಿ ಅವನು ತನ್ನ ವಯಸ್ಸಿನವರಿಗಿಂತ ಬಹಳ ಮುಂದೆ, ಓದಿನಲ್ಲಿ ಮೂರನೇ ತರಗತಿಯ ಮಟ್ಟ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಸಾಧಾರಣ ಹುಡುಗ. ಅಷ್ಟು ವರ್ಷ ಶಾಲೆ ನೋಡಿದ್ದು ಆ ಸರಾಸರಿಯನ್ನೇ.

ಮೊದಲು ನನ್ನ ಶನಿವಾರದ ನಿಯಮ ತೆಗೆದುಹಾಕಿದೆ. ಅಕ್ಷರ ಬರಲಿ ಬಿಡಲಿ, ಪ್ರಯೋಗಕ್ಕೆ ಅವನಿರಬೇಕು. ವಿಜ್ಞಾನದ ಕಿರುಪರೀಕ್ಷೆಯಲ್ಲಿ ಪ್ರಶ್ನೆ ನಾನು ಓದುತ್ತಿದ್ದೆ, ಅವನು ಬಾಯಲ್ಲಿ ಉತ್ತರ ಹೇಳುತ್ತಿದ್ದ ಅಥವಾ ಚಿತ್ರ ಬರೆಯುತ್ತಿದ್ದ. ಎಲ್ಲರ ಮುಂದೆ ಜೋರಾಗಿ ಓದಿಸುವುದನ್ನು ನಿಲ್ಲಿಸಿದೆ.

ಓದನ್ನೂ ಬಿಡಲಿಲ್ಲ. ದಿನಕ್ಕೆ ಹತ್ತು ನಿಮಿಷ, ಐದೇ ಪದ, ಅದೂ ಅವತ್ತಿನ ಪಾಠದ್ದು. ಒತ್ತಕ್ಷರ ಮಾತ್ರ ಕೆಂಪು ಪೆನ್ನಿನಲ್ಲಿ. ಅರ್ಕಾವತ್ತು ಅವನನ್ನು ಜಾಸ್ತಿ ಕಾಡುತ್ತಿತ್ತು. ಒಂದು ದಿನ ಅವನೇ ಕಾರಣ ಹೇಳಿದ: “ಸೂರ್ಯ ಅನ್ನುವಾಗ ರ್ ಬಾಯಲ್ಲಿ ಮೊದಲು ಬರುತ್ತೆ ಸಾ, ಕೈಯಲ್ಲಿ ಯ ಆದಮೇಲೆ ಬರುತ್ತೆ. ಯಾಕೆ ಹಿಂಗೆ?” ಇಷ್ಟು ವರ್ಷ ಕನ್ನಡ ಬರೆದ ನಾನು ಅದನ್ನು ಗಮನಿಸಿಯೇ ಇರಲಿಲ್ಲ! ಆ ಗುಟ್ಟು ಹಿಡಿದಮೇಲೆ ಅವನ ಅರ್ಕಾವತ್ತು ತಪ್ಪುವುದು ಕಡಿಮೆಯಾಯಿತು.

ಎಲ್ಲರನ್ನೂ ಒಪ್ಪಿಸಲು ಆಗಲಿಲ್ಲ. “ಇವನಿಗೊಬ್ಬನಿಗೆ ಯಾಕೆ ವಿನಾಯಿತಿ?” ಅಂತ ಸಹೋದ್ಯೋಗಿಯೊಬ್ಬರು ಇವತ್ತಿಗೂ ಕೇಳುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಇದೆ ಎಂದು ತೋರಿಸಿದೆ. ಕಾಯ್ದೆಗಿಂತ ಆ ಹುಡುಗ ಹೇಳಿದ ಉತ್ತರಗಳ ರೆಕಾರ್ಡಿಂಗ್ ಕೇಳಿಸಿದ್ದು ಹೆಚ್ಚು ಕೆಲಸ ಮಾಡಿತು. ಇನ್ನೊಂದು ಮಾತು: ಕಲಿಕಾ ನ್ಯೂನತೆಯ ಪ್ರಮಾಣಪತ್ರದ ಓಡಾಟವನ್ನು ಹತ್ತನೇ ತರಗತಿಯ ಜನವರಿವರೆಗೆ ಎಳೆಯಬೇಡಿ.

ಈಗ ಅವನು ಹತ್ತನೇ ತರಗತಿ. ಪರೀಕ್ಷೆಯಲ್ಲಿ ಸ್ಕ್ರೈಬ್ (ಅವನು ಹೇಳಿದ್ದನ್ನು ಬರೆದುಕೊಡುವವರು) ಮತ್ತು ಹೆಚ್ಚುವರಿ ಸಮಯ ಸಿಗುತ್ತದೆ. ಆದರೆ ಬೇರೆಯವರಿಂದ ಬರೆಸುವುದನ್ನೂ ಕಲಿಯಬೇಕಲ್ಲ? ಅಭ್ಯಾಸಕ್ಕೆಂದು ಒಂಬತ್ತನೇ ತರಗತಿಯ ಹುಡುಗಿಯನ್ನು ಜೊತೆಗೆ ಕೂರಿಸಿದೆ. ಮೊದಲ ದಿನ ವರ್ಗ ಸಮೀಕರಣ. “ಉತ್ತರ ಎರಡು, ಮೂರು. ಬರ್ಕೋ” ಅಂದ.

“ಮಧ್ಯದ್ದು ಎಲ್ಲಿ ಅಣ್ಣಾ?”

“ಕಾಣ್ತಾ ಇದೆಯಲ್ಲ!”

“ನಂಗೆ ಕಾಣ್ತಾ ಇಲ್ಲ.”

ಅವನು ತಲೆ ಕೆರೆದುಕೊಂಡ. ಆಮೇಲೆ ಮೊದಲ ಬಾರಿಗೆ ಹಂತ ಹಂತವಾಗಿ ಹೇಳಿದ. ನಾನು ಎರಡು ವರ್ಷ ಗೋಗರೆದರೂ ಬಿಡಿಸಿ ಹೇಳದವನು! ಈಗ ವಾರಕ್ಕೆ ಎರಡು ಸಂಜೆ ಕೂರುತ್ತಾರೆ. ಆ ಹುಡುಗಿ ಹತ್ತರ ಗಣಿತ ಆಗಲೇ ಅರ್ಧ ಕಲಿತಿದ್ದಾಳೆ.